ಮಾನ್ವಿ ಸೀಮೆಯ ಬೆಂಕಿ ಕಾವಲು

ಬಡಗಲಲ್ಲಿ ಕೃಷ್ಣೆಯೂ ತೆಂಕಲಲ್ಲಿ ತುಂಗಭದ್ರೆಯೂ ತುಂಬಿ ಹರಿಯುತ್ತಿದ್ದರೂ, ಆ ಎರಡು ಮಹಾನದಿಗಳ ನಡುವೆ ನೆಲೆಸಿ ಶತಮಾನಗಳ ಕಾಲ ಮಳೆಯೊಂದನ್ನೇ ನಂಬಿ ಬದುಕಿದ ಸೀಮೆ ರಾಯಚೂರಿನದು. ರಾಯಚೂರಿನಿಂದ ಹೊರಟು, ನೀರಮಾನ್ವಿಯನ್ನು ಹಾಯ್ದು ಮಾನ್ವಿಗೆ ಹೋಗುವ ದಾರಿಯಲ್ಲಿ ಫಾಲ್ಗುಣ ಚೈತ್ರಗಳ ಮಧ್ಯಾಹ್ನದ ಹೊತ್ತು ಸಂಚರಿಸಿದವರು ಈ ನೆಲದ ಗುಣವನ್ನು ಬಲ್ಲರು. ಸುಗ್ಗಿ ಮುಗಿದ ಎರೆಹೊಲಗಳು ಬಿರಿದು ಬಾಯಿಬಿಟ್ಟಿರುತ್ತವೆ. ಊರಂಚಿನ ಕಣಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ದನಕರುಗಳಿಗೆ ವರ್ಷಪೂರ್ತಿ ಆಗತಕ್ಕ ಜೋಳದ ಸೊಪ್ಪೆಯ ಬಣವೆಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಬಿಸಿಗಾಳಿ ಎತ್ತಲಿಂದ ಎತ್ತಲಿಗಾದರೂ ತಿರುಗೀತು. ಬಾವಿಗಳು ತಳ ಕಂಡಿರುತ್ತವೆ. ಬೆಂಕಿಗೆ ಬೇಕಾದುದೆಲ್ಲವೂ ಕೈಯಳತೆಯಲ್ಲಿದ್ದು, ಅದನ್ನು ನಂದಿಸತಕ್ಕ ನೀರೊಂದು ಮಾತ್ರ ಆಳಕ್ಕೆ ಇಳಿದಿರುವ ಈ ಎರಡು ಮೂರು ತಿಂಗಳುಗಳೇ ಇಲ್ಲಿನ ಬೆಂಕಿ ಕಾವಲಿನ ಚರಿತ್ರೆಯನ್ನು ರೂಪಿಸಿವೆ. ತಾಲ್ಲೂಕು ಕೇಂದ್ರದ ಠಾಣೆಗೆ ಹೊಸದಾಗಿ ಸೇರಿದ ಅಗ್ನಿಶಾಮಕನೊಬ್ಬನು ದಿನವೂ ಮಾಡುವ ಸಣ್ಣಪುಟ್ಟ ಕೆಲಸಗಳ ಅರ್ಥವು ನಮಗೆ ತಿಳಿಯಬೇಕಾದರೆ ಆ ಚರಿತ್ರೆಯನ್ನು ತುಸು ಹಿಂದಿನಿಂದ ನೋಡಿಕೊಂಡು ಬರಬೇಕು.

ಈ ಸೀಮೆಯ ಮನೆಗಳು ಬೆಂಕಿಗೆ ಬೇಗನೆ ಬಲಿಯಾಗತಕ್ಕವಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ ಜಂತಿಗಳನ್ನು ಹೊಂದಿಸಿ ಮಣ್ಣು ಹಾಸಿದ ಮಾಳಿಗೆ. ಬೇಸಿಗೆಯ ಉರಿಬಿಸಿಲನ್ನು ತಡೆಯಲೆಂದು ಹಿರಿಯರು ಕಂಡುಕೊಂಡ ಈ ಕಟ್ಟಡದ ಕ್ರಮವೇ ಕಿಡಿಯನ್ನೂ ತಡೆಯುತ್ತಿತ್ತು. ಉರಿಯುತ್ತಿದ್ದುದು ಬಡವರ ಗುಡಿಸಲು ಮತ್ತು ಎಲ್ಲರ ಬಣವೆ. ಬಣವೆಯೊಂದು ಸುಟ್ಟು ಹೋಯಿತೆಂದರೆ ಮನೆಯವರು ಆ ರಾತ್ರಿ ಉಪವಾಸವಿರಬೇಕಾಗಿರಲಿಲ್ಲ ನಿಜ. ಆದರೆ ಮುಂದಿನ ಮುಂಗಾರಿಗೆ ಎತ್ತುಗಳನ್ನು ಉಳಿಸಿಕೊಳ್ಳುವ ದಾರಿಯೇ ಕಡಿದು ಹೋಗುತ್ತಿದ್ದುದರಿಂದ, ಒಕ್ಕಲಿನ ಮನೆತನವೊಂದು ಒಂದೇ ತಾಸಿನಲ್ಲಿ ಸಾಲ ಕೊಡುವವನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಆದುದರಿಂದ ಬೆಂಕಿ ಬಿತ್ತೆಂಬ ಕೂಗು ಕೇಳಿದೊಡನೆ ಜಾತಿ ಕುಲ ಜಗಳಗಳನ್ನು ಬದಿಗಿಟ್ಟು ಊರಿಗೆ ಊರೇ ಓಡಿಬರುತ್ತಿತ್ತು. ತಳವಾರ ವಾಲೀಕಾರರು ಓಣಿ ಓಣಿ ಕೂಗುತ್ತ ಜನರನ್ನು ಎಬ್ಬಿಸುವರು. ಹೆಂಗಸರು ಬಾವಿಯಿಂದ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವರು. ಗಂಡಸರು ಉರಿಯುವ ಬಣವೆಯ ಗೊಡವೆಗೆ ಹೋಗದೆ, ಗಾಳಿಯ ದಿಕ್ಕನ್ನು ನೋಡಿ ಪಕ್ಕದ ಬಣವೆಯನ್ನು ಕಿತ್ತು ಚೆಲ್ಲಿ ನಡುವೆ ಬಯಲು ಮಾಡುವರು, ತೊಯ್ದ ಗೋಣಿಚೀಲಗಳಿಂದ ಬಡಿಯುವರು, ಮಣ್ಣು ತೂರುವರು. ಇವುಗಳಲ್ಲೆಲ್ಲ ಅತ್ಯಂತ ಕಠಿನವಾದ ಕಾರ್ಯವು ಇನ್ನೂ ಉರಿ ಹತ್ತದ ನೆರೆಯವನ ಬಣವೆಯನ್ನು ಕೆಡಹುವುದು. ಅವನ ಕಣ್ಣೆದುರಿಗೇ ಅವನ ಸೊತ್ತನ್ನು ಚೆಲ್ಲಾಪಿಲ್ಲಿ ಮಾಡುವ ಆ ನಿರ್ಣಯವನ್ನು ಊರ ಹಿರಿಯನೊಬ್ಬನು ಕ್ಷಣಾರ್ಧದಲ್ಲಿ ಮಾಡಬೇಕಾಗಿತ್ತು, ಮರುದಿನ ಆ ನಷ್ಟವನ್ನು ಊರೆಲ್ಲ ಸೇರಿ ತುಂಬಿಕೊಡಬೇಕೆಂಬ ಭಾರವೂ ಅವನ ಮೇಲೆಯೇ ಇರುತ್ತಿತ್ತು.

ಬೆಂಕಿ ಕಾವಲು ಊರವರೆಲ್ಲರ ಋಣವೆಂಬ ಈ ಭಾವನೆಯು ನಮ್ಮಲ್ಲಿ ಬಹು ಪುರಾತನವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಾಗರಿಕನೆಂಬ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವು ಈ ವಿಷಯವನ್ನು ವಿವರವಾಗಿ ವಿಧಿಸುತ್ತದೆ. ಗ್ರೀಷ್ಮಕಾಲದಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಮನೆಯೊಳಗೆ ಬೆಂಕಿ ಹೊತ್ತಿಸಕೂಡದು, ಅಡುಗೆಯಾಗಬೇಕಾದರೆ ಹೊರಗೆ ಆಗತಕ್ಕದ್ದು; ಪ್ರತಿಯೊಂದು ಮನೆಯಲ್ಲಿಯೂ ನೀರಿನ ಕೊಡಗಳು, ನೀರುತೊಟ್ಟಿ, ಏಣಿ, ಕೊಡಲಿ, ಮೊರ, ಅಂಕುಶ, ಮಾಡಿನ ಹುಲ್ಲನ್ನು ಹಿಡಿದೆಳೆಯುವ ಕೊಕ್ಕೆ, ತೊಗಲಿನ ಚೀಲ ಇರತಕ್ಕವು; ಕಮ್ಮಾರ ಮೊದಲಾದ ಅಗ್ನಿಜೀವಿಗಳು ಒಂದೇ ಕಡೆ ವಾಸಿಸತಕ್ಕವರು; ಬೀದಿಗಳಲ್ಲಿ ನೀರಿನ ಗಡಿಗೆಗಳು ಸಾವಿರಗಟ್ಟಲೆ ಸಾಲಾಗಿರತಕ್ಕವು. ಉರಿಯುತ್ತಿರುವ ಮನೆಯ ಕಡೆಗೆ ಓಡಿಬಾರದ ಗೃಹಸ್ವಾಮಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡ. ಅಜಾಗರೂಕತೆಯಿಂದ ಬೆಂಕಿ ಹತ್ತಿಸಿದವನಿಗೆ 54 ಪಣ. ಇಂದಿನ ಅಗ್ನಿಶಾಮಕ ವಾಹನದ ಮೇಲೆ ಕಟ್ಟಿರುವ ಏಣಿ, ಕೊಡಲಿ, ಕೊಕ್ಕೆಗಳನ್ನು ಕಂಡಾಗ ಆ ಪಟ್ಟಿಯು ನನಗೆ ಎಷ್ಟೋ ಸಲ ನೆನಪಿಗೆ ಬರುತ್ತದೆ. ಅಂದು ಮನೆ ಮನೆಯ ಗೋಡೆಗೆ ತೂಗಬೇಕಾಗಿದ್ದ ಸಲಕರಣೆಗಳು ಇಂದು ಒಂದೇ ವಾಹನಕ್ಕೆ ಏರಿ, ಓಡಿಬರಬೇಕೆಂಬ ಕರ್ತವ್ಯವು ಸಮವಸ್ತ್ರ ಧರಿಸಿದ ಕೆಲವೇ ಮಂದಿಯ ಪಾಲಿಗೆ ಬಂದಿದೆ.

ಈ ಸ್ಥಿತ್ಯಂತರಕ್ಕೆ ನಮ್ಮ ಸೀಮೆಯಲ್ಲಿ ಕಾರಣವಾದುದು ಹತ್ತಿ. 1853ರ ಒಪ್ಪಂದದಂತೆ ನಿಜಾಮನಿಂದ ಇಂಗ್ಲಿಷರ ಆಡಳಿತಕ್ಕೆ ಹೋಗಿದ್ದ ರಾಯಚೂರು ದೋಆಬು 1860ರಲ್ಲಿ ಮರಳಿ ಹೈದರಾಬಾದು ಸಂಸ್ಥಾನಕ್ಕೆ ಸೇರಿದ ಮರುವರ್ಷವೇ ಅಮೆರಿಕೆಯಲ್ಲಿ ಅಂತರ್ಯುದ್ಧವು ಆರಂಭವಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಂತಾಗಿ, ದಖ್ಖನದ ಎರೆಭೂಮಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿಯೇ ಕೂಡಿಕೊಂಡುವು. ಕಾಲಕ್ರಮದಲ್ಲಿ ಆ ಊರು ಹತ್ತಿ ಜಿನ್ನುಗಳ, ಅಂಡಿಗೆ ಒತ್ತುವ ಪ್ರೆಸ್ಸುಗಳ, ಶೇಂಗಾ ಎಣ್ಣೆಯ ಗಿರಣಿಗಳ ಊರಾಯಿತು. ಮಾನ್ವಿ, ದೇವದುರ್ಗಗಳ ಹೊಲಗಳಲ್ಲಿ ಚದುರಿಕೊಂಡಿದ್ದ ಹತ್ತಿಯು ಗಾಡಿಗಾಡಿಯಾಗಿ ಬಂದು ಒಂದೇ ಅಂಗಳದಲ್ಲಿ ಬೆಟ್ಟದಷ್ಟು ಒಟ್ಟಿಕೊಳ್ಳುವುದೆಂದರೆ ಬೆಂಕಿಯ ಅಪಾಯವೂ ಅಂತೆಯೇ ಒಂದು ಕಡೆ ಒಟ್ಟಿಕೊಂಡಿತೆಂದೇ ಅರ್ಥ.

ಹತ್ತಿಯ ಬೆಂಕಿಯ ಸ್ವಭಾವವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಜಿನ್ನಿಗೆ ಹಾಕಿದ ಹತ್ತಿಯಲ್ಲಿ ಒಂದು ಸಣ್ಣ ಕಲ್ಲೋ ಕಬ್ಬಿಣದ ಚೂರೋ ಸೇರಿಕೊಂಡಿದ್ದರೆ ಅದು ಯಂತ್ರಕ್ಕೆ ತಗುಲಿ ಕಿಡಿ ಹಾರುತ್ತದೆ. ಆ ಕಿಡಿಯು ಒಡನೆಯೇ ಜ್ವಾಲೆಯಾಗಬೇಕೆಂಬ ನಿಯಮವಿಲ್ಲ. ಅರಳೆಯ ಜೊತೆಗೆ ಸಾಗಿ, ಪ್ರೆಸ್ಸಿನಲ್ಲಿ ಒತ್ತಿಸಿಕೊಂಡು, ಇಂದಿನ ಲೆಕ್ಕದಲ್ಲಿ ಸುಮಾರು 170 ಕಿಲೋ ತೂಗುವ ಅಂಡಿಗೆಯ ಹೊಟ್ಟೆಯೊಳಗೆ ಸೇರಿಬಿಡಬಹುದು. ಅಂಡಿಗೆ ಎಷ್ಟೇ ಬಿಗಿಯಾಗಿದ್ದರೂ ಎಳೆಗಳ ನಡುವೆ ಉಳಿದಿರುವ ಗಾಳಿಯು ಆ ಕೆಂಡವನ್ನು ಸಾಕುತ್ತದೆ. ಹೊರಗಿನಿಂದ ನೀರು ಸುರಿದರೆ ಅದು ಮೇಲ್ಮೈಯಲ್ಲಿಯೇ ಜಾರಿ ಹೋಗುತ್ತದೆ. ಜ್ವಾಲೆ ಅಡಗುತ್ತದೆ, ಜನ ಚದುರುತ್ತಾರೆ, ದಿನ ಕಳೆದ ಮೇಲೆ ಅದೇ ರಾಶಿ ಮತ್ತೆ ಹೊತ್ತಿಕೊಳ್ಳುತ್ತದೆ. ಆದುದರಿಂದ ಹತ್ತಿಯ ಬೆಂಕಿಯನ್ನು ನಂದಿಸುವುದೆಂದರೆ ಪಟ್ಟಿಗಳನ್ನು ಕತ್ತರಿಸಿ, ಒಂದೊಂದು ಅಂಡಿಗೆಯನ್ನೂ ಬಿಚ್ಚಿ, ಪದರ ಪದರವಾಗಿ ಹರಡಿ ತೋಯಿಸಿ, ಅನಂತರವೂ ಕಾವಲು ಕುಳಿತಿರುವುದು. ಈ ಕಾವಲು ಠಾಣೆಯ ಅತ್ಯಂತ ಕಿರಿಯನ ಪಾಲಿಗೆ ಬರುತ್ತದೆ. ಬಣವೆಯ ಬೆಂಕಿಯ ಗುಣವೂ ಇದೇ. ಪತ್ರಿಕೆಗೆ ಸುದ್ದಿಯಾಗುವ ಜ್ವಾಲೆಯ ಕಾಲವು ಒಂದೆರಡು ತಾಸಾದರೆ, ಹೊಗೆಯ ನಡುವೆ ಕೊಕ್ಕೆ ಹಿಡಿದು ರಾಶಿಯನ್ನು ಮಗುಚುತ್ತ ನಿಲ್ಲುವ ಕಾಲವು ಒಮ್ಮೊಮ್ಮೆ ಎರಡು ಹಗಲಾದರೂ ಮುಗಿಯುವುದಿಲ್ಲ.

ಇಂತಹ ಸರಕಿನ ರಾಶಿಗಳೇ ಜಗತ್ತಿನ ಬೇರೆಡೆಗಳಲ್ಲಿಯೂ ಅಗ್ನಿಶಾಮಕನ ವೃತ್ತಿಯನ್ನು ರೂಪಿಸಿದುವು. 1824ರಲ್ಲಿ ಎಡಿನ್‌ಬರೋ ನಗರದ ದಳಕ್ಕೆ ನಾಯಕನಾದ ಜೇಮ್ಸ್ ಬ್ರೇಡ್‌ವುಡ್ ಎಂಬಾತನು, ಮಾಡು ಹೊದಿಸುವವರು, ಬಡಗಿಗಳು, ಕಲ್ಲುಕುಟಿಗರು ಮುಂತಾದ ಕಸುಬುಗಳ ತರುಣರನ್ನೇ ಆರಿಸಿ, ನಸುಕಿನ ಕತ್ತಲೆಯಲ್ಲಿ ಅಭ್ಯಾಸ ಮಾಡಿಸಿ, ಹೊರಗೆ ನಿಂತು ನೀರೆರಚುವುದನ್ನು ಬಿಟ್ಟು ಒಳಗೆ ನುಗ್ಗಿ ಬೆಂಕಿಯ ಮೂಲಕ್ಕೇ ನೀರು ಮುಟ್ಟಿಸುವ ಪದ್ಧತಿಯನ್ನು ಕಲಿಸಿದನು. ಅನಂತರ ಲಂಡನ್ನಿನ ದಳಕ್ಕೆ ಮುಖ್ಯಸ್ಥನಾದ ಅದೇ ಬ್ರೇಡ್‌ವುಡ್ 1861ರ ಜೂನಿನಲ್ಲಿ ಥೇಮ್ಸ್ ದಂಡೆಯ ಟೂಲಿ ಬೀದಿಯ ಉಗ್ರಾಣಗಳಲ್ಲಿ ಹತ್ತಿ, ಸೆಣಬು ಮುಂತಾದುವು ಹೊತ್ತಿಕೊಂಡಾಗ ಕುಸಿದ ಗೋಡೆಯ ಕೆಳಗೆ ಸಿಕ್ಕಿ ಮಡಿದನು. ಆ ಬೆಂಕಿಯು ಪೂರ್ಣವಾಗಿ ಆರಲು ಎರಡು ವಾರ ಹಿಡಿಯಿತು. ನಮ್ಮ ದೇಶದ ದುರಂತವು ಇದಕ್ಕಿಂತಲೂ ಘೋರವಾದುದು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳ ಜೊತೆಗೆ ಕರಾಚಿಯಲ್ಲಿ ಹೇರಿದ ಸಾವಿರಾರು ಹತ್ತಿಯ ಅಂಡಿಗೆಗಳೂ ಇದ್ದುವು. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕರು ಬಂದು ಹಡಗಿನ ಒಡಲಿಗೆ ನೀರು ಸುರಿಯತೊಡಗಿದರು. ಸಂಜೆ ನಾಲ್ಕು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. ಆ ದಿನ ಕರ್ತವ್ಯದಲ್ಲಿದ್ದ 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ಅವರ ಸ್ಮರಣೆಗಾಗಿ ಏಪ್ರಿಲ್ 14ರಿಂದ 20ರವರೆಗೆ ದೇಶದ ಎಲ್ಲ ಠಾಣೆಗಳಲ್ಲಿಯೂ ಅಗ್ನಿಶಾಮಕ ಸೇವಾ ಸಪ್ತಾಹವು ನಡೆಯುತ್ತದೆ. ನಮ್ಮ ಸೀಮೆಯಲ್ಲಿ ಅದು ಬಣವೆಗಳೆಲ್ಲ ಒಣಗಿ ನಿಂತ ಕಾಲಕ್ಕೇ ಸರಿಯಾಗಿ ಬರುವುದರಿಂದ, ಶಾಲೆಯ ಮಕ್ಕಳ ಮುಂದೆ ಪ್ರಾತ್ಯಕ್ಷಿಕೆ ತೋರಿಸುತ್ತಿರುವಾಗಲೇ ನಿಜವಾದ ಕರೆ ಬಂದು ಅರ್ಧಕ್ಕೇ ಹೊರಟುಹೋಗುವ ಸಂಭವವೂ ಉಂಟು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ರಾಜ್ಯದ ಅಗ್ನಿಶಾಮಕ ದಳಕ್ಕೆ ಪ್ರತ್ಯೇಕವಾದ ಅಧಿನಿಯಮವು ರಚಿತವಾದುದು 1964ರಲ್ಲಿ. ಬೆಂಕಿಯ ಸ್ಥಳದಲ್ಲಿ ಬಾಗಿಲು ಒಡೆಯುವ, ಅಡ್ಡಿಯಾದುದನ್ನು ಕೆಡಹುವ, ಹತ್ತಿರದ ನೀರನ್ನು ಬಳಸಿಕೊಳ್ಳುವ ಅಧಿಕಾರವು ಕಾಯಿದೆಯ ಮೂಲಕ ದಳಕ್ಕೆ ಪ್ರಾಪ್ತವಾದುದರಿಂದ, ಹಿಂದೆ ನೆರೆಯವನ ಬಣವೆಯನ್ನು ಕೀಳಿಸುತ್ತಿದ್ದ ಊರ ಹಿರಿಯನ ಹೊಣೆಯು ಸರ್ಕಾರದ ಸೇವಕನ ಹೆಗಲಿಗೆ ಬಂದಿತೆನ್ನಬೇಕು. ಅಷ್ಟರೊಳಗೆ ತುಂಗಭದ್ರೆಯ ಎಡದಂಡೆ ಕಾಲುವೆಯು ಸಿಂಧನೂರು ಮಾನ್ವಿಗಳ ಹೊಲಗಳನ್ನು ಗದ್ದೆಗಳನ್ನಾಗಿ ಮಾರ್ಪಡಿಸತೊಡಗಿ, ಸೊಪ್ಪೆಯ ಜೊತೆಗೆ ಭತ್ತದ ಹುಲ್ಲೂ ಹತ್ತಿಯ ಜಿನ್ನಿನ ಜೊತೆಗೆ ಅಕ್ಕಿಯ ಗಿರಣಿಯೂ ಬಂದುವು.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮುಂಡ್ಕೂರು ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಬಂದ ತರುಣನು ತಾಲ್ಲೂಕಿನ ಠಾಣೆಯಲ್ಲಿ ಮೊದಲ ದಿನಗಳಲ್ಲಿ ಮಾಡುವ ಕೆಲಸಗಳು ಅವನ ನಿರೀಕ್ಷೆಗಿಂತ ಬಹಳ ಕಡಿಮೆಯವಾಗಿ ತೋರಬಹುದು. ಬೆಳಗಿನ ಹಾಜರಿ, ಕವಾಯತು; ಅನಂತರ ವಾಹನದ ತನಿಖೆ: ತೊಟ್ಟಿಯಲ್ಲಿ ನೀರು ಅಂಚಿನವರೆಗೆ ಇದೆಯೇ, ಡೀಸೆಲ್ ಎಷ್ಟಿದೆ, ಬ್ಯಾಟರಿ ಸರಿಯಿದೆಯೇ, ಪಂಪು ಒಂದೇ ಸಲಕ್ಕೆ ಚಾಲೂ ಆಗುತ್ತದೆಯೇ, ಯಾವ ಸಲಕರಣೆ ಯಾವ ಅಂಕಣದಲ್ಲಿ ಇರಬೇಕೋ ಅಲ್ಲಿಯೇ ಇದೆಯೇ ಎಂಬುದು. ರಾತ್ರಿಯ ಕತ್ತಲೆಯಲ್ಲಿ ಕೈಚಾಚಿದರೆ ಕೊಡಲಿಯು ಕೊಡಲಿಯ ಜಾಗದಲ್ಲಿಯೇ ಸಿಕ್ಕಬೇಕು. ಬಳಸಿದ ಹೋಸುಗಳನ್ನು ತೊಳೆದು, ನೀರಿಳಿಯುವಂತೆ ಎತ್ತರದಲ್ಲಿ ತೂಗುಹಾಕಿ, ಸಂಪೂರ್ಣ ಒಣಗಿದ ಮೇಲೆ ಸುರುಳಿ ಸುತ್ತಿ ಇಡುವುದು ಅವನ ಕೆಲಸ. ಹತ್ತಿಯ ನೂಲಿನಿಂದ ನೆಯ್ದ ಹೋಸು ಹಸಿಯಾಗಿಯೇ ಉಳಿದರೆ ಬೂಷ್ಟು ಹಿಡಿದು, ಮುಂದೊಂದು ದಿನ ಒತ್ತಡಕ್ಕೆ ಸಿಕ್ಕಿದಾಗ ಬೆಂಕಿಯ ಎದುರಿನಲ್ಲಿಯೇ ಹರಿದು ಹೋಗುತ್ತದೆ. ಇನ್ನು ವಾಚ್‌ರೂಮಿನ ಪಾಳಿ. 101ಕ್ಕೆ, ಈಗ 112ರ ಮೂಲಕವೂ, ಬರುವ ಕರೆಯನ್ನು ತೆಗೆದುಕೊಂಡು, ಗಾಬರಿಯಿಂದ ತೊದಲುವ ದನಿಯಿಂದ ಊರು ಯಾವುದು, ಓಣಿ ಯಾವುದು, ಉರಿಯುತ್ತಿರುವುದೇನು, ಒಳಗೆ ಜನರಿದ್ದಾರೆಯೇ, ವಾಹನ ಹೋಗುವಷ್ಟು ದಾರಿಯಿದೆಯೇ ಎಂಬುದನ್ನು ಸಮಾಧಾನದಿಂದ ಬಿಡಿಸಿಕೊಂಡು, ಗಂಟೆ ಬಾರಿಸಿ, ದಿನಚರಿ ಪುಸ್ತಕದಲ್ಲಿ ಸಮಯ ಸಹಿತವಾಗಿ ಬರೆದಿಡಬೇಕು. ಇಡೀ ಸೇವೆಯ ಕೀಲು ಈ ಕಿರಿಯನ ಕಿವಿಯಲ್ಲಿಯೂ ಬರೆವಣಿಗೆಯಲ್ಲಿಯೂ ಇದೆಯೆಂದು ನಾನು ಭಾವಿಸುತ್ತೇನೆ. ಹೆಸರು ಸಮೀಪವಾಗಿರುವ ಎರಡು ಹಳ್ಳಿಗಳಲ್ಲಿ ಒಂದನ್ನು ಇನ್ನೊಂದೆಂದು ಬರೆದುಕೊಂಡರೆ ಅನಂತರದ ಶೌರ್ಯವೆಲ್ಲ ವ್ಯರ್ಥ.

ಆದರೆ ಈ ಸೀಮೆಯಲ್ಲಿ ಅವನು ಕಲಿಯಬೇಕಾದ ಮುಖ್ಯ ವಿದ್ಯೆ ನೀರಿನದು. ಸಾಮಾನ್ಯವಾಗಿ ಒಂದು ಜಲವಾಹನದಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. ಒಂದೇ ನಳಿಕೆಯಿಂದ ನಿಮಿಷಕ್ಕೆ 450 ಲೀಟರಿನಂತೆ ಹರಿಸಿದರೂ ಹತ್ತು ನಿಮಿಷಕ್ಕೆ ಅದು ಬರಿದು. ಪಟ್ಟಣಗಳಲ್ಲಾದರೆ ಮತ್ತೆ ತುಂಬಿಸಿಕೊಳ್ಳಲು ದಾರಿಯುಂಟು. ನೀರಮಾನ್ವಿಯಂತಹ ಹಳ್ಳಿಯ ಕಣದಲ್ಲಿ ಬಾವಿಯನ್ನೋ ಕೆರೆಯನ್ನೋ ಕಾಲುವೆಯನ್ನೋ ಹುಡುಕಬೇಕು. ಪಂಪು ನೀರನ್ನು ಮೇಲಕ್ಕೆ ಎಳೆಯುತ್ತದೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಪಂಪು ಮಾಡುವುದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುವುದಷ್ಟೇ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಮಂಡಲದ ಭಾರ. ಆ ಭಾರವು ಸಮುದ್ರಮಟ್ಟದಲ್ಲಿಯೇ 10.3 ಮೀಟರಿಗಿಂತ ಎತ್ತರಕ್ಕೆ ನೀರನ್ನು ಏರಿಸಲಾರದು, ಬಳಕೆಯಲ್ಲಿ ಏಳೆಂಟು ಮೀಟರು ಸಿಕ್ಕಿದರೆ ಹೆಚ್ಚು. ಅಂದರೆ ಇಪ್ಪತ್ತೈದು ಅಡಿಗಿಂತ ಕೆಳಗೆ ನೀರಿಳಿದ ಹಳೆಯ ಕಪಿಲೆ ಬಾವಿಯ ದಡದಲ್ಲಿ ಎಂತಹ ಬಲವಾದ ಪಂಪನ್ನು ನಿಲ್ಲಿಸಿದರೂ ಪ್ರಯೋಜನವಿಲ್ಲ. ಹೊತ್ತೊಯ್ಯುವ ಚಿಕ್ಕ ಪಂಪನ್ನು ಬಾವಿಯ ಮೆಟ್ಟಿಲುಗಳ ಮೇಲೆ ಕೆಳಕ್ಕೆ ಇಳಿಸಬೇಕು. ಹೀರುಕೊಳವೆಯ ತುದಿಯ ಜರಡಿಯು ನೀರಿನಲ್ಲಿ ಚೆನ್ನಾಗಿ ಮುಳುಗಿರಬೇಕು. ತುಸು ಮೇಲೆದ್ದು ಗಾಳಿ ಸೇರಿದರೆ ದೂರದಲ್ಲಿ ನಳಿಕೆ ಹಿಡಿದು ಬೆಂಕಿಯ ಮುಂದೆ ನಿಂತವನ ಕೈಯಲ್ಲಿ ನೀರು ಥಟ್ಟನೆ ನಿಲ್ಲುತ್ತದೆ. ಜರಡಿ ಕೆಸರಿನಲ್ಲಿ ಹೂತರೆ ಪಂಪು ಕಟ್ಟಿಕೊಳ್ಳುತ್ತದೆ. ಈ ಕೊಳವೆಯ ಬಳಿ, ಬೆಂಕಿಗೆ ಬೆನ್ನು ಮಾಡಿ, ನೀರಿನ ಮಟ್ಟವನ್ನೇ ನೋಡುತ್ತ ನಿಲ್ಲುವವನು ಬಹುಮಟ್ಟಿಗೆ ಹೊಸಬನೇ. ನೆರೆದ ಜನರ ಕಣ್ಣಿಗೆ ಅವನು ಕಾಣುವುದೇ ಇಲ್ಲ.

ಬೆಂಕಿಗಾಗಿ ಹುಟ್ಟಿದ ಈ ಸೇವೆಗೆ ಕ್ರಮೇಣ ಬೇರೆ ಹೊಣೆಗಳೂ ಕೂಡಿಕೊಂಡು, ಇಲಾಖೆಯ ಹೆಸರಿಗೆ ತುರ್ತು ಸೇವೆಗಳೆಂಬ ಮಾತೂ ಸೇರಿತು. ಬಾವಿಗೆ ಬಿದ್ದ ಆಕಳನ್ನು ಎತ್ತುವುದು, ಜಾತ್ರೆ ಉತ್ಸವಗಳಲ್ಲಿ ವಾಹನದೊಡನೆ ಸಜ್ಜಾಗಿ ನಿಲ್ಲುವುದು, ರಸ್ತೆಯ ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದು ಇವೆಲ್ಲ ಈಗ ಅವನ ದಿನಚರಿಗೆ ಸೇರಿವೆ. 2009ರಲ್ಲಿಯೂ ಮತ್ತೆ 2019ರಲ್ಲಿಯೂ ಈ ಜಿಲ್ಲೆಗೆ ಪ್ರವಾಹ ನುಗ್ಗಿದಾಗ, ಬೇಸಿಗೆಯಲ್ಲಿ ಕೊಡ ನೀರಿಗೆ ಅಲೆಯುವ ಸೀಮೆಯಲ್ಲಿ ರಬ್ಬರಿನ ದೋಣಿಯೂ ಅವನ ಸಲಕರಣೆಯಾಯಿತು.

ಇವೆಲ್ಲಕ್ಕಿಂತ ಗಾಢವಾದ ನೋವು ಈ ಸೀಮೆಗೆ ತಟ್ಟಿದುದು 2007ರ ಏಪ್ರಿಲ್ ತಿಂಗಳಿನಲ್ಲಿ. ನೀರಮಾನ್ವಿಯಲ್ಲಿ ಬಾಯಿ ಮುಚ್ಚದ ಕೊಳವೆಬಾವಿಗೆ ಬಾಲಕನೊಬ್ಬನು ಬಿದ್ದನು. ನಾಡೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಹಗಲಿರುಳೆನ್ನದೆ ನೆಲವನ್ನು ಅಗೆದರೂ ಅವನನ್ನು ಜೀವಸಹಿತ ಮೇಲೆತ್ತಲಾಗಲಿಲ್ಲ. ಕೊಳವೆಬಾವಿಯ ಬಾಯಿಯು ಒಂದು ಗೇಣಿಗಿಂತ ಅಗಲವಿರುವುದಿಲ್ಲ. ದೊಡ್ಡವರಾರೂ ಅದರೊಳಗೆ ಇಳಿಯಲಾರರು; ಬದಿಯಲ್ಲಿ ಬೇರೊಂದು ಗುಂಡಿಯನ್ನು ಅಷ್ಟೇ ಆಳಕ್ಕೆ ತೋಡಿ, ತಳದಿಂದ ಅಡ್ಡ ಸುರಂಗ ಕೊರೆದು ಹೋಗಬೇಕು. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಬಂಡೆಯಿರುವ ಇಂತಹ ನೆಲದಲ್ಲಿ ಯಂತ್ರವನ್ನು ಜೋರಾಗಿ ನಡೆಯಿಸಿದರೆ ಅದರ ಕಂಪನಕ್ಕೆ ಮಣ್ಣು ಮಗುವಿನ ಮೇಲೆಯೇ ಸುರಿಯುವ ಭಯ, ಮೆಲ್ಲಗೆ ನಡೆಯಿಸಿದರೆ ಹೊತ್ತು ಮೀರುವ ಭಯ. ಅಂತಹ ಸ್ಥಳದಲ್ಲಿ ಕಿರಿಯ ಅಗ್ನಿಶಾಮಕನಿಗೆ ಬರುವ ಕೆಲಸವೆಂದರೆ ಆಮ್ಲಜನಕದ ಕೊಳವೆಯನ್ನು ಕಾಯುವುದು, ದೀಪ ಹಿಡಿಯುವುದು, ಒಳಗಿನ ದನಿ ಕೇಳಿಸುವಂತೆ ಸಾವಿರ ಜನರನ್ನು ಮೌನವಾಗಿರಿಸುವುದು, ತಾಯಿತಂದೆಗಳ ಪಕ್ಕದಲ್ಲಿ ನಿಲ್ಲುವುದು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಳವೆಬಾವಿಯ ಸುತ್ತ ನೆಲದ ಮೇಲೆ 0.30 ಮೀಟರು, ಕೆಳಗೆ 0.30 ಮೀಟರು ಕಾಂಕ್ರೀಟಿನ ಕಟ್ಟೆ ಇರಬೇಕು, ಬಾಯಿಗೆ ಉಕ್ಕಿನ ಮುಚ್ಚಳವನ್ನು ಬಿಗಿಯಬೇಕು, ನೀರು ಬಾರದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು ಕಲ್ಲುಗಳಿಂದ ತುಂಬಬೇಕು ಎಂದು ವಿಧಿಸಿತು. ಕೌಟಿಲ್ಯನ ದಂಡಸಂಹಿತೆಯಲ್ಲಿದ್ದಂತೆ ಇಲ್ಲಿಯೂ ಕರ್ತವ್ಯವು ಮೊದಲು ನೆಲದ ಒಡೆಯನದು. ಆ ವಿಧಿಯನ್ನು ಎಲ್ಲರೂ ಪಾಲಿಸಿದ್ದರೆ 2014ರಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದಲೂ 2017ರಲ್ಲಿ ಅಥಣಿಯ ಕಡೆಯಿಂದಲೂ ಅಂತಹುದೇ ವಾರ್ತೆಗಳು ಬರುತ್ತಿರಲಿಲ್ಲ. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಸುಮಾರು ಇಪ್ಪತ್ತು ಗಂಟೆಗಳ ಪ್ರಯತ್ನದ ಬಳಿಕ ಎಳೆಯ ಮಗುವೊಂದು ಜೀವಸಹಿತ ಹೊರಬಂದಾಗ ನಾಡು ಪಟ್ಟ ಸಂತೋಷದಲ್ಲಿ ಹಿಂದಿನ ದುಃಖಗಳ ಭಾರವೂ ಬೆರೆತಿತ್ತು.

ಬೆಂಕಿಯ ಸಲುವಾಗಿಯೂ ಇಂತಹ ದುರಂತಗಳನ್ನು ತಡೆಯುವ ಸಲುವಾಗಿಯೂ ಹಳ್ಳಿ ಹಳ್ಳಿಯ ಜಲಮೂಲಗಳನ್ನು ತಿಳಿದಿರುವುದು ಅಗ್ನಿಶಾಮಕನ ಕರ್ತವ್ಯಗಳಲ್ಲಿ ಒಂದು. ಈ ಕೆಲಸದಲ್ಲಿ ಗ್ರಾಮ ಪಂಚಾಯತಿಗಳು ಠಾಣೆಯೊಡನೆ ಕೈಜೋಡಿಸುವುದು ಅತ್ಯವಶ್ಯವೆಂದು ನನಗೆ ದೃಢವಾಗಿ ತೋರುತ್ತದೆ. ಮಾಘಮಾಸ ಮುಗಿಯುವುದರೊಳಗಾಗಿ ಠಾಣೆಯ ಕಿರಿಯನೊಬ್ಬನೂ ಪಂಚಾಯತಿಯ ನೀರುಗಂಟಿಯೂ ಜೊತೆಯಾಗಿ ಊರನ್ನು ಸುತ್ತಿ, ಯಾವ ಬಾವಿಯಲ್ಲಿ ನೀರು ಎಷ್ಟು ಅಡಿ ಕೆಳಗಿದೆ, ಯಾವುದಕ್ಕೆ ಮೆಟ್ಟಿಲುಗಳಿವೆ, ಯಾವ ಕೆರೆಯ ಏರಿಯ ಮೇಲೆ ಭಾರದ ವಾಹನ ನಿಲ್ಲಬಲ್ಲುದು, ಕಾಲುವೆಯ ಯಾವ ತೂಬಿನ ಬಳಿಗೆ ದಾರಿಯಿದೆ, ಮುಚ್ಚಳವಿಲ್ಲದ ಕೊಳವೆಬಾವಿ ಯಾರ ಹೊಲದಲ್ಲಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು, ಅದರ ಒಂದು ಪ್ರತಿಯನ್ನು ವಾಚ್‌ರೂಮಿನ ಗೋಡೆಗೂ ಇನ್ನೊಂದನ್ನು ಪಂಚಾಯತಿ ಕಚೇರಿಯ ಗೋಡೆಗೂ ಅಂಟಿಸಬೇಕು. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಅನುದಾನ ಬೇಡ. ಎರಡು ದಿನಗಳ ನಡಿಗೆ ಮತ್ತು ಒಂದು ಅಳತೆಯ ಹಗ್ಗ ಇದ್ದರೆ ಸಾಕು.